ಗವಿ ನೋಡುವುದು ಹೇಗೆ: ತೊಂಗಲು, ಹುತ್ತ, ನೆರಿಗೆ, ಬದು

ನಾನು ಬಳ್ಳಾರಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಹೆಚ್ಚುಕಡಿಮೆ ಪ್ರತಿ ವರ್ಷ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಆಂಧ್ರದ ಬೆಲುಂ ಗುಹೆಗೆ ಹೋಗುತ್ತೇನೆ. ಬೆಳಿಗ್ಗೆ ಹೊರಟರೆ ಗುತ್ತಿ, ತಾಡಿಪತ್ರಿ ದಾಟಿ ಊಟದ ಹೊತ್ತಿಗೆಲ್ಲ ಅಲ್ಲಿರಬಹುದು. ಮೊದಲ ಸಲ ಹೋಗಿ ಬಂದಾಗ ಮಕ್ಕಳಿಗೆ ಒಂದು ಪುಟ ಬರೆದು ತನ್ನಿ ಎಂದಿದ್ದೆ. ನಲವತ್ತು ಪುಟದಲ್ಲೂ ಒಂದೇ ಮಾತು. ಗುಹೆ ತುಂಬಾ ಚೆನ್ನಾಗಿತ್ತು, ಸಿಂಹ ಇತ್ತು, ಲಿಂಗ ಇತ್ತು, ಸೆಕೆ ಜಾಸ್ತಿ ಇತ್ತು. ತಪ್ಪು ಮಕ್ಕಳದ್ದಲ್ಲ. ಒಳಗೆ ನೋಡಿದ್ದನ್ನು ಹೇಳಲು ನಾನು ಅವರ ಕೈಗೆ ಮಾತು ಕೊಟ್ಟಿರಲೇ ಇಲ್ಲ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಗುಹೆಯೊಳಗಿನ ಒಂದೊಂದು ಆಕಾರಕ್ಕೂ ನಮ್ಮ ಮಕ್ಕಳ ಬಾಯಿಗೆ ಬರುವಂಥ ಹೆಸರು ಹುಡುಕಿ ಬರೆದುಕೊಳ್ಳುತ್ತಾ ಬಂದೆ. ಕೆಲವು ಪುಸ್ತಕದ ಹೆಸರು, ಕೆಲವು ಹೊಲ ಮನೆಯ ಹೆಸರು, ಕೆಲವನ್ನು ನಾನೇ ಇಟ್ಟದ್ದು. ಆ ನೋಟ್‌ಬುಕ್ಕಿನಿಂದ ಆರಿಸಿ ಇಲ್ಲಿ ಹೇಳುತ್ತೇನೆ. ನೀವು ಬೆಲುಂಗೆ ಹೋಗಿ, ಅರಕು ಹತ್ತಿರದ ಬೊರ್ರಾಗೆ ಹೋಗಿ, ದಾಂಡೇಲಿ ಕಡೆಯ ಕವಳಾ ಗುಹೆಗೆ ಹೋಗಿ, ನೋಡುವ ಕ್ರಮ ಒಂದೇ. ಕಂಡ ಆಕಾರದ ಮುಂದೆ ನಿಂತು ಕೇಳಬೇಕು: ಇಲ್ಲಿ ನೀರು ಏನು ಮಾಡಿತು? ತೊಟ್ಟಿಕ್ಕಿತಾ, ಹರಿಯಿತಾ, ಜಿನುಗಿತಾ, ನಿಂತಿತಾ? ಉತ್ತರ ಸಿಕ್ಕರೆ ಹೆಸರು ತಾನಾಗಿ ಸಿಗುತ್ತದೆ.

ಹೊರಡುವ ಮುಂಚೆ ಅಡುಗೆಮನೆಗೆ ಹೋಗಿ

ಗುಹೆಯ ಪಾಠ ಬಸ್ಸು ಹತ್ತುವ ಮುಂಚೆಯೇ ಶುರುವಾಗಬೇಕು. ನಮ್ಮ ಕಡೆ ಹಳೇ ಮನೆಗಳಲ್ಲಿ ಅಡುಗೆಕಟ್ಟೆಗೆ, ಗೋಡೆಯ ಗೂಡಿಗೆ ಕಪ್ಪು ಚಪ್ಪಡಿ ಹಾಕಿರುತ್ತಾರಲ್ಲ, ಕಡಪ ಕಲ್ಲು. ಅದು ಸುಣ್ಣಕಲ್ಲು. ಬೆಲುಂ ಗುಹೆ ಕೊರೆದಿರುವುದೂ ಆ ಸೀಮೆಯ ಅಂಥದ್ದೇ ಕಪ್ಪು ಸುಣ್ಣಕಲ್ಲಿನಲ್ಲಿ. ಆ ಕಟ್ಟೆಯ ಮೇಲೆ ನಿಂಬೆಹಣ್ಣು ಹೆಚ್ಚಿ ಒರೆಸದೆ ಬಿಟ್ಟ ಜಾಗ ನೋಡಿ. ಅಲ್ಲೊಂದು ಮಬ್ಬು ಕಲೆ ಇರುತ್ತದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅದು ಅಂಟಿದ ಕಲೆಯೇ ಅಲ್ಲ, ಕಲ್ಲಿನ ಮೇಲ್ಮೈಯನ್ನು ಹುಳಿ ತಿಂದುಹಾಕಿದೆ. ನಮ್ಮ ಮನೆಯ ಕಟ್ಟೆಯ ಮೇಲೆ ಅಂಥದ್ದೊಂದು ಗುಂಡನೆಯ ಗುರುತಿದೆ. ಯಾವತ್ತೋ ಉಪ್ಪಿನಕಾಯಿ ಜಾಡಿ ಸೋರಿ ಆದದ್ದು. ಬೆರಳಾಡಿಸಿದರೆ ಸುತ್ತಲಿನ ನುಣುಪಿನ ನಡುವೆ ಅಷ್ಟು ಜಾಗ ಮಾತ್ರ ದೊರಗು. ಗುಹೆಗೆ ಹೋಗುವ ಮಕ್ಕಳಿಗೆ ನಾನು ಮೊದಲು ಮುಟ್ಟಿಸುವುದು ಇದನ್ನೇ.

ಮಳೆನೀರೂ ಸ್ವಲ್ಪ ಹುಳಿಯೇ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಕರಗಿರುತ್ತದೆ. ಮಣ್ಣಿಗೆ ಇಳಿದ ಮೇಲೆ ಬೇರು, ಹುಳು, ಕೊಳೆತ ಎಲೆಗಳಿಂದ ಆ ಅನಿಲ ಇನ್ನೂ ಜಾಸ್ತಿ ಸೇರುತ್ತದೆ. ಹೀಗೆ ಹುಳಿಯಾದ ನೀರು ಸುಣ್ಣಕಲ್ಲಿನ ಸೀಳಿನಲ್ಲಿ ಇಳಿಯುತ್ತಾ ಕಲ್ಲನ್ನು ಕರಗಿಸುತ್ತದೆ. ನಿಂಬೆರಸ ಒಂದು ರಾತ್ರಿಯಲ್ಲಿ ಮಾಡಿದ್ದನ್ನು ಈ ನೀರು ಸಾವಿರಾರು, ಲಕ್ಷಾಂತರ ವರ್ಷ ಮಾಡುತ್ತದೆ. ಗುಹೆ ಅಂದರೆ ಅದೇ.

ಇನ್ನೊಂದು ಪ್ರಯೋಗ ಇದೆ. ಎಲೆಅಡಿಕೆ ಸುಣ್ಣ ಹುಣಸೆಬೀಜದಷ್ಟು ತೆಗೆದುಕೊಂಡು ಒಂದು ಲೋಟ ನೀರಿಗೆ ಕಲಸಿ ರಾತ್ರಿ ಬಿಡಿ. ಬೆಳಿಗ್ಗೆ ಮೇಲಿನ ತಿಳಿನೀರು ಮಾತ್ರ ಬಗ್ಗಿಸಿಕೊಂಡು ಅದಕ್ಕೆ ಅದರ ಏಳೆಂಟು ಪಟ್ಟು ನೀರು ಸೇರಿಸಿ. ಈಗ ಸ್ಟ್ರಾ ಇಟ್ಟು ಉಸಿರು ಊದಿ. ಸ್ವಲ್ಪ ಹೊತ್ತಿಗೆ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ, ಊದುತ್ತಲೇ ಇರಿ. ಸರದಿ ಮೇಲೆ ಊದಿಸಿ. ಬಿಳುಪು ನಿಧಾನವಾಗಿ ಕರಗಿ ನೀರು ಮತ್ತೆ ತಿಳಿಯಾಗುತ್ತದೆ. ಕಲ್ಲು ಕರಗಿ ನೀರಿನಲ್ಲಿ ಅಡಗಿದ್ದು ಹೀಗೆ. ಆ ತಿಳಿನೀರನ್ನು ಸಣ್ಣ ಪಾತ್ರೆಯಲ್ಲಿ ಕಾಯಿಸಿ. ಅನಿಲ ಹೊರಗೆ ಹೋದಂತೆ ಸುಣ್ಣ ಮತ್ತೆ ಕಾಣಿಸಿಕೊಂಡು ನೀರು ಮಬ್ಬಾಗುತ್ತದೆ. ಬೋರ್‌ವೆಲ್ ನೀರು ಕಾಸುವ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುವುದೂ ಇದೇ ರೀತಿ. ಒಂದು ಎಚ್ಚರಿಕೆ: ಮಕ್ಕಳು ಆ ನೀರನ್ನು ಹೀರಬಾರದು, ಕಣ್ಣಿಗೆ ಸಿಡಿಸಿಕೊಳ್ಳಬಾರದು. ದೊಡ್ಡವರು ಪಕ್ಕದಲ್ಲೇ ಇರಬೇಕು.

ಗುಹೆಯಲ್ಲಿ ಒಲೆ ಇಲ್ಲ. ಅಲ್ಲಿ ಆಗುವುದು ಗೋಲಿ ಸೋಡಾ ಒಡೆದಾಗ ಆಗುವಂಥದ್ದು. ಮಣ್ಣಿನೊಳಗೆ ಅನಿಲ ತುಂಬಿಕೊಂಡ ಹನಿ ಗುಹೆಯ ಚಾವಣಿಗೆ ಬಂದು ಗಾಳಿ ಕಂಡಾಗ ಆ ಅನಿಲವನ್ನು ಬಿಟ್ಟುಕೊಡುತ್ತದೆ. ಹಿಡಿದಿಟ್ಟಿದ್ದ ಸುಣ್ಣವನ್ನು ಇನ್ನು ಹಿಡಿಯಲಾರದು. ಒಂದು ಚೂರು ಅಲ್ಲೇ ಬಿಟ್ಟು ಬೀಳುತ್ತದೆ. ಮುಂದಿನ ಹನಿ ಇನ್ನೊಂದು ಚೂರು ಬಿಡುತ್ತದೆ.

ಇದು ಎಂಥ ಗವಿ ಅಂತ ಮೊದಲು ತಿಳಿಯಿರಿ

ನಮ್ಮಲ್ಲಿ ಗವಿ, ಗುಹೆ ಅಂತ ಎಲ್ಲದಕ್ಕೂ ಅನ್ನುತ್ತೇವೆ. ಆದರೆ ಎಲ್ಲ ಗವಿಯಲ್ಲೂ ತೂಗುವ ಕಲ್ಲು ಹುಡುಕಿದರೆ ಸಿಗುವುದಿಲ್ಲ. ಬಾದಾಮಿಯ ಗುಹೆಗಳು ಮರಳುಗಲ್ಲಿನಲ್ಲಿ ಚಾಲುಕ್ಯರ ಕಾಲದ ಶಿಲ್ಪಿಗಳು ಉಳಿಯಿಂದ ಕೊರೆದದ್ದು. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವೇ ಇದೆ. ಅದಕ್ಕೆ ಗುಹಾಲಯ, ಗುಹಾಂತರ ದೇವಾಲಯ ಅಂತ ಬೇರೆ ಹೆಸರುಂಟು. ಐಹೊಳೆಯಲ್ಲಿ ಅಂಥದ್ದೇ ಒಂದಕ್ಕೆ ಜನ ರಾವಣಫಡಿ ಎನ್ನುತ್ತಾರೆ. ಬಾದಾಮಿ ಹತ್ತಿರ ಸಿಡಿಲಫಡಿ ಇದೆ. ಅದು ತಾನಾಗಿ ಆದ ಬಂಡೆಯ ಆಸರೆ, ಹಳೇ ಕಾಲದ ಚಿತ್ರಗಳಿವೆ. ಹೀಗೆ ಬಂಡೆ ಮುಂದೆ ಚಾಚಿ ನೆರಳು ಕೊಡುವ ಜಾಗಕ್ಕೆ ಪುಸ್ತಕದಲ್ಲಿ ಕಲ್ಲಾಸರೆ ಎಂಬ ಮಾತಿದೆ. ನನಗೆ ತುಂಬಾ ಇಷ್ಟವಾದ ಮಾತು. ಕಲ್ಲು, ಆಸರೆ, ಅಷ್ಟರಲ್ಲೇ ಚಿತ್ರ ಬಂದುಬಿಡುತ್ತದೆ.

ನಮ್ಮ ಬಳ್ಳಾರಿ, ಹಂಪಿ, ಕೊಪ್ಪಳದ ಕಡೆಯ ಗವಿಗಳು ಗ್ರಾನೈಟಿನವು. ಗುಂಡುಗಳು ಒಂದರ ಮೇಲೊಂದು ಕೂತು ನಡುವೆ ಉಳಿದ ಜಾಗ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನ ಇದೆ, ನೋಡಲೇಬೇಕು. ಆದರೆ ಗ್ರಾನೈಟ್ ಸುಣ್ಣಕಲ್ಲಿನ ಹಾಗೆ ಕರಗುವ ಕಲ್ಲಲ್ಲ, ಆದ್ದರಿಂದ ಬೆಲುಂನ ಆಕಾರಗಳನ್ನು ಇಲ್ಲಿ ಹುಡುಕಬೇಡಿ.

ಸುಣ್ಣಕಲ್ಲು ಬೇಕಾದರೆ ಕರ್ನಾಟಕದಲ್ಲಿ ಉತ್ತರ ಕನ್ನಡಕ್ಕೆ ಹೋಗಬೇಕು. ಯಾಣದ ಕಪ್ಪು ಶಿಖರಗಳು ಸುಣ್ಣಕಲ್ಲಿನವು. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ 90. ಕವಳಾ ಗುಹೆಯಲ್ಲಿ ಪೂಜೆಗೊಳ್ಳುವ ಲಿಂಗ ಹನಿ ಬಿದ್ದು ಬಿದ್ದು ನೆಲದಿಂದ ಬೆಳೆದ ಕಲ್ಲು. ಉದ್ಭವ ಲಿಂಗ ಅಂತ ನಮ್ಮ ಹಿರಿಯರು ಅಂದಾಗ ಅವರು ಕಂಡದ್ದನ್ನೇ ಹೇಳಿದ್ದಾರೆ. ಅದು ನಿಜವಾಗಿಯೂ ತಾನಾಗಿ ಎದ್ದದ್ದು.

ಬೆಲುಂ ಅನ್ನುವ ಹೆಸರೂ ಒಂದು ಗುಹೆಯ ಮಾತೇ. ಬಿಲಂ ಎಂಬುದರಿಂದ ಬಂದದ್ದು. ಕನ್ನಡದಲ್ಲಿ ಈಗ ಬಿಲ ಅಂದರೆ ಇಲಿಯದ್ದೋ ಹಾವಿನದ್ದೋ ಅಷ್ಟೇ. ಅದೇ ಮಾತು ಪಕ್ಕದ ಸೀಮೆಯಲ್ಲಿ ಮೂರು ಸಾವಿರದ ಇನ್ನೂರು ಮೀಟರಿಗಿಂತ ಉದ್ದದ ಗುಹೆಗೆ ಹೆಸರಾಗಿ ಕೂತಿದೆ. ಮೇಘಾಲಯದಲ್ಲಿ ಖಾಸಿ ಭಾಷೆಯವರು ಗುಹೆಗೆ ಕ್ರೆಮ್ ಎನ್ನುತ್ತಾರೆ. ಅಲ್ಲಿನ ಗುಹೆಗಳ ಹೆಸರೆಲ್ಲ ಕ್ರೆಮ್ ಅಂತಲೇ ಶುರುವಾಗುತ್ತದೆ.

ಬಾಯಲ್ಲಿ ನಿಂತು ಹಾದಿಯ ಆಕಾರ ನೋಡಿ

ಬೆಲುಂ ಬಯಲುಸೀಮೆಯ ಗುಹೆ. ಬೆಟ್ಟ ಹತ್ತುವುದಿಲ್ಲ. ಬಯಲ ನಡುವೆ ಬಾವಿಯಂಥ ಗುಂಡಿಗಳಿವೆ, ಅದರಲ್ಲೊಂದಕ್ಕೆ ಮೆಟ್ಟಿಲು. ಮೊದಲ ಸಲ ನೋಡಿದ ಒಬ್ಬ ಹುಡುಗ "ಮೇಡಂ, ನೀರಿಲ್ಲದ ಬಾವಿ ಐತಲ್ರಿ ಇದು" ಎಂದ. ಸರಿಯಾಗಿಯೇ ಹೇಳಿದ. ಕೆಳಗೆ ಟೊಳ್ಳಾಗಿ ಮೇಲಿನ ನೆಲ ಕುಸಿದಾಗ ಇಂಥ ಗುಂಡಿ ಆಗುತ್ತದೆ. ಕುಸಿಗುಂಡಿ ಎನ್ನೋಣ. ಸುಣ್ಣಕಲ್ಲಿನ ಸೀಮೆಯಲ್ಲಿ ಗುಹೆ ಹುಡುಕುವವರು ಮೊದಲು ಹುಡುಕುವುದು ಇದನ್ನೇ. 1884ರಲ್ಲಿ ಈ ಗುಹೆಯ ಬಗ್ಗೆ ಬರೆದಿಟ್ಟವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ನಮ್ಮ ಬಳ್ಳಾರಿ ಪಕ್ಕದ ಬೆಟ್ಟಗಳಲ್ಲಿ ಶಿಲಾಯುಗದವರ ನೆಲೆಗಳನ್ನು ಹುಡುಕಿದವರೂ ಅವರೇ. ಸುಮಾರು ನೂರು ವರ್ಷದ ಮೇಲೆ, 1982–83ರಲ್ಲಿ, ಡೇನಿಯಲ್ ಗೆಬೌವರ್ ಅವರ ಜರ್ಮನ್ ತಂಡ ಒಳಗೆಲ್ಲ ಅಳೆದು ನಕ್ಷೆ ಮಾಡಿತು. 2002ರಲ್ಲಿ ಜನರಿಗೆ ತೆರೆದರು. ಒಟ್ಟು 3229 ಮೀಟರಿನಲ್ಲಿ ಒಂದೂವರೆ ಕಿಲೋಮೀಟರ್ ನಾವು ನಡೆಯಬಹುದು.

ಮೆಟ್ಟಿಲಿಳಿದ ತಕ್ಷಣ ಓಡಬೇಡಿ. ಐದು ನಿಮಿಷ ನಿಂತು ಕಣ್ಣು ಕತ್ತಲೆಗೆ ಹೊಂದಲಿ. ಬೆಳಕು ಬೀಳುವ ಬಾಯಿ, ಅದರ ಆಚೆಯ ಮಬ್ಬು, ಅದರಾಚೆ ಪೂರ್ತಿ ಕತ್ತಲೆ. ಗುಹೆಗಳ ಅಭ್ಯಾಸ ಮಾಡುವವರು ಒಳಗನ್ನು ಹೀಗೇ ಮೂರು ಭಾಗ ಮಾಡುತ್ತಾರೆ. ಬಾಯಿಯ ಹತ್ತಿರ ಹಸಿರು ಪಾಚಿ ಇರುತ್ತದೆ, ಕತ್ತಲೆಯಲ್ಲಿ ಇರುವುದಿಲ್ಲ. ಒಳಗೆ ಕರೆಂಟ್ ಲೈಟಿನ ಪಕ್ಕದ ಕಲ್ಲು ಹಸಿರಾಗಿದ್ದರೆ ಅದು ಆ ಲೈಟಿನಿಂದ ಬೆಳೆದ ಪಾಚಿ. ಗುಹೆಗೆ ಒಳ್ಳೆಯದಲ್ಲ.

ಈಗ ಹಾದಿಯನ್ನು ನೋಡಿ. ಗುಂಡಗೆ, ಪೈಪಿನೊಳಗೆ ನಿಂತ ಹಾಗೆ ಅನ್ನಿಸಿದರೆ ಅದು ನೀರು ಪೂರ್ತಿ ತುಂಬಿಕೊಂಡಿದ್ದಾಗ ಆದದ್ದು. ನೀರು ಎಲ್ಲ ಕಡೆಯಿಂದ ಒಂದೇ ಸಮ ತಿಂದಿದೆ. ಇದನ್ನು ಕೊಳವೆ ಎನ್ನುತ್ತೇನೆ. ಅಗಲ ಕಡಿಮೆ, ಆಳ ಜಾಸ್ತಿ ಇದ್ದರೆ ಅದು ಕೊರಕಲು. ನೀರು ಇಳಿದು ತಳದಲ್ಲಿ ಮಾತ್ರ ಹೊಳೆಯಾಗಿ ಹರಿದು ಕೆಳಗೆ ಕೊಯ್ದದ್ದು. ಮೇಲೆ ಗುಂಡಗೆ, ಕೆಳಗೆ ಸೀಳು, ಬೀಗದ ಕೈ ಹಾಕುವ ತೂತಿನ ಹಾಗೆ ಇದ್ದರೆ ಮೊದಲು ಕೊಳವೆ, ಆಮೇಲೆ ಕೊರಕಲು. ಎರಡು ಕಾಲದ ಕಥೆ ಒಂದೇ ಗೋಡೆಯಲ್ಲಿರುತ್ತದೆ.

ಇಲ್ಲಿ ಟಾರ್ಚ್ ಹಿಡಿಯುವುದನ್ನು ಕಲಿಯಬೇಕು. ಗೋಡೆಗೆ ನೇರ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಗೋಡೆಯ ಪಕ್ಕಕ್ಕೆ ಟಾರ್ಚ್ ಇಟ್ಟು ಓರೆಯಾಗಿ ಬಿಡಿ. ನೀರು ಜೋರಾಗಿ ಹರಿದ ಗೋಡೆಯಾದರೆ ಸಾಲುಸಾಲು ತಗ್ಗುಗಳು ಎದ್ದು ಕಾಣುತ್ತವೆ, ಬೆಲ್ಲದ ಪೆಂಟೆಯನ್ನು ಚಮಚದಿಂದ ಕೆರೆದ ಹಾಗೆ. ತೆಂಗಿನ ಚಿಪ್ಪಿನ ಒಳಮೈ ಥರ ಇರುವುದರಿಂದ ಚಿಪ್ಪುಗುರುತು ಅಂತ ಹೆಸರಿಟ್ಟಿದ್ದೇನೆ. ಚಿಪ್ಪು ಸಣ್ಣದಿದ್ದಷ್ಟೂ ನೀರು ಜೋರಾಗಿ ಹರಿದಿತ್ತು. ದೊಡ್ಡದಿದ್ದರೆ ನಿಧಾನ. ಪ್ರತಿ ತಗ್ಗಿಗೂ ಒಂದು ಕಡೆ ಕಡಿದಾದ ಅಂಚು, ಇನ್ನೊಂದು ಕಡೆ ಇಳಿಜಾರು ಇರುತ್ತದೆ. ಕಡಿದಾದ ಅಂಚು ಇರುವ ಕಡೆಯಿಂದ ನೀರು ಬಂದಿತ್ತು. ಹೊಳೆ ಬತ್ತಿ ಎಷ್ಟೋ ಸಾವಿರ ವರ್ಷ ಆಗಿದ್ದರೂ ಅದು ಎತ್ತ ಹರಿಯಿತು ಅಂತ ಗೋಡೆ ಹೇಳುತ್ತದೆ. ಇದನ್ನು ಕಲಿತ ದಿನ ನನಗೆ ಆದ ಖುಷಿ ಇನ್ನೂ ನೆನಪಿದೆ.

ಇಲ್ಲಿಯವರೆಗೆ ಹೇಳಿದ್ದು ನೀರು ತೆಗೆದುಕೊಂಡು ಹೋದ ಆಕಾರ. ಮುಂದಿನದು ನೀರು ಬಿಟ್ಟು ಹೋದ ಆಕಾರ. ಈ ಎರಡನ್ನು ಬೆರೆಸಬೇಡಿ. ಬಿಟ್ಟು ಹೋದದ್ದಕ್ಕೆ ಒಟ್ಟಾಗಿ ಸ್ಪೀಲಿಯೊಥೆಮ್ ಎಂಬ ಹೆಸರಿದೆ, 1952ರಲ್ಲಿ ಇಟ್ಟದ್ದು.

ತೊಟ್ಟಿಕ್ಕಿದ್ದು

ಚಾವಣಿಯಿಂದ ತೂಗುವುದು ಸ್ಟ್ಯಾಲಕ್ಟೈಟ್, ನೆಲದಿಂದ ಏಳುವುದು ಸ್ಟ್ಯಾಲಗ್ಮೈಟ್. ಪರೀಕ್ಷೆಯಲ್ಲಿ ಮಕ್ಕಳು ಅದಲುಬದಲು ಮಾಡುತ್ತಿದ್ದರು. ಒಬ್ಬಳು ಹುಡುಗಿ ದಾರಿ ಕಂಡುಹಿಡಿದಳು. ಹೆಸರಿನ ನಡುವೆ 'ಕ' ಇದ್ದರೆ ಕಿವಿಯೋಲೆ, ತೂಗುತ್ತದೆ. 'ಗ' ಇದ್ದರೆ ಗುಡ್ಡ, ನೆಲದಲ್ಲಿರುತ್ತದೆ. ಅವತ್ತಿನಿಂದ ಯಾರೂ ತಪ್ಪಿಲ್ಲ. ಕನ್ನಡದಲ್ಲಿ ತೂಗುವುದನ್ನು ತೊಂಗಲು ಎನ್ನುತ್ತೇನೆ, ಜೋತಾಡುವ ಗೊಂಚಲಿಗೆ ನಮ್ಮಲ್ಲಿರುವ ಹಳೇ ಮಾತು. ನೆಲದ್ದನ್ನು ಹುತ್ತ ಎನ್ನುತ್ತೇನೆ. ಒಮ್ಮೆ ನೋಡಿದರೆ ಬೇರೆ ಹೆಸರು ಬೇಕು ಅನ್ನಿಸುವುದಿಲ್ಲ. ತೊಂಗಲೂ ಹುತ್ತವೂ ಬೆಳೆದು ಕೂಡಿದರೆ ಕಂಬ.

ತೊಂಗಲು ಶುರುವಾಗುವುದು ನಾಳದಿಂದ. ಹನಿ ಚಾವಣಿಗೆ ಅಂಟಿ ತೂಗುವಾಗ ಅದರ ಅಂಚಿನ ಸುತ್ತ ಸುಣ್ಣದ ಬಳೆ ಕಟ್ಟುತ್ತದೆ. ಹನಿ ಬೀಳುತ್ತದೆ, ಬಳೆ ಉಳಿಯುತ್ತದೆ. ಬಳೆಯ ಕೆಳಗೆ ಬಳೆ ಸೇರುತ್ತಾ ಟೊಳ್ಳು ಕೊಳವೆ ಆಗುತ್ತದೆ. ದಪ್ಪ ಒಂದು ಹನಿಯಷ್ಟೇ, ಸುಮಾರು ಐದು ಮಿಲಿಮೀಟರ್. ಎಳನೀರಿಗೆ ಹಾಕುವ ಸ್ಟ್ರಾ ನೆನಪಿಸಿಕೊಳ್ಳಿ. ನೀರು ಅದರ ಒಳಗೇ ಇಳಿದು ತುದಿಗೆ ಬರುತ್ತದೆ. ಯಾವತ್ತೋ ಒಂದು ದಿನ ಆ ತೂತು ಕಟ್ಟಿಕೊಂಡರೆ ನೀರು ಹೊರಮೈ ಮೇಲೆ ಇಳಿಯಲು ಶುರು ಮಾಡುತ್ತದೆ. ಆಗ ನಾಳ ದಪ್ಪವಾಗಿ, ಮೇಲೆ ಅಗಲ ಕೆಳಗೆ ಚೂಪಾಗಿ, ಗಜ್ಜರಿಯ ಆಕಾರಕ್ಕೆ ಬರುತ್ತದೆ.

ನನ್ನ ಹತ್ತಿರ ಒಂದು ಮುರಿದ ತೊಂಗಲಿನ ತುಂಡು ಇದೆ. ಬಹಳ ವರ್ಷದ ಹಿಂದೆ, ಒಂದು ಪ್ರವಾಸದಲ್ಲಿ ರಸ್ತೆ ಬದಿಯ ಅಂಗಡಿಯಲ್ಲಿ ಶಂಖ, ಕಲ್ಲಿನ ಮಣಿಗಳ ನಡುವೆ ಇಟ್ಟಿದ್ದರು. ಅರವತ್ತು ರೂಪಾಯಿ ಕೊಟ್ಟು ತಂದೆ. ಕೊಂಡದ್ದು ತಪ್ಪು. ನಾನು ಕೊಂಡರೆ ಅವರು ಇನ್ನೊಂದು ಮುರಿಯುತ್ತಾರೆ ಅನ್ನುವುದು ಆಗ ಹೊಳೆಯಲಿಲ್ಲ. ಮತ್ತೆ ಯಾವತ್ತೂ ಕೊಂಡಿಲ್ಲ. ಆ ತುಂಡು ಈಗ ಶಾಲೆಯ ಬೀರುವಿನಲ್ಲಿದೆ, ಪಾಠಕ್ಕೆ ತೆಗೆಯುತ್ತೇನೆ. ಮುರಿದ ಮುಖವನ್ನು ಕಿಟಕಿ ಬೆಳಕಿಗೆ ಹಿಡಿದರೆ ನಟ್ಟನಡುವೆ ಜೋಳದ ಕಾಳಿನಷ್ಟು ತೂತು. ಅದೇ ಮೊದಲಿನ ನಾಳ. ಅದರ ಸುತ್ತ ಉಂಗುರ. ಬಿಳಿ, ಕೆನೆ, ಮತ್ತೆ ಬಿಳಿ, ಒಂದು ಕಡೆ ಕೂದಲೆಳೆಯಷ್ಟು ತೆಳ್ಳಗೆ ಇಟ್ಟಿಗೆ ಬಣ್ಣ. ಉಂಗುರ ಎಲ್ಲ ಕಡೆ ಒಂದೇ ದಪ್ಪ ಇಲ್ಲ. ಒಂದು ಬದಿಗೆ ಅಗಲವಾಗಿದೆ, ಅಂದರೆ ನೀರು ಆ ಬದಿಯಲ್ಲಿ ಜಾಸ್ತಿ ಇಳಿದಿದೆ. ಓರೆಯಾಗಿ ಆಡಿಸಿದರೆ ಒಳಗಿನ ಹರಳು ಸಕ್ಕರೆಯ ಹಾಗೆ ಮಿಂಚುತ್ತದೆ. ತುಂಡಿನ ದಪ್ಪ ನನ್ನ ಹೆಬ್ಬೆರಳಿನಷ್ಟು. ಇಂಥ ಕಲ್ಲು ವರ್ಷಕ್ಕೆ ಬೆಳೆಯುವುದು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗದ ಆಸುಪಾಸು. ಹೆಚ್ಚುಕಡಿಮೆ ಆಗುತ್ತದೆ, ಆದರೆ ಲೆಕ್ಕ ಹಾಕಿಸಿ ನೋಡಿ. ಬೆರಳುದ್ದ ಬೆಳೆಯಲು ಎಷ್ಟು ರಾಜರ ಕಾಲ ಕಳೆಯಬೇಕು ಅಂತ ಮಕ್ಕಳೇ ಹೇಳುತ್ತಾರೆ.

ಹುತ್ತಕ್ಕೆ ನಡುವೆ ತೂತು ಇರುವುದಿಲ್ಲ. ಹನಿ ಮೇಲಿಂದ ಬಿದ್ದು ಸಿಡಿಯುವುದರಿಂದ ತಲೆ ಮೊಂಡಾಗಿರುತ್ತದೆ. ಎತ್ತರದಿಂದ ಬಿದ್ದರೆ ಇನ್ನೂ ಅಗಲ, ಕೆಲವು ಸಲ ತಟ್ಟೆಯಂತೆ ಚಪ್ಪಟೆ. ಹುತ್ತ ಕಂಡರೆ ತಲೆ ಎತ್ತಿ ನೇರ ಮೇಲೆ ನೋಡಿ. ಹನಿ ಬಿಡುವ ಜಾಗ ಅಲ್ಲೇ ಇರಬೇಕು. ಬೆಲುಂನಲ್ಲಿ ಕೋಟಿಲಿಂಗಾಲು ಎನ್ನುವ ಜಾಗವಿದೆ, ಲಿಂಗದಂಥ ಆಕಾರಗಳು ಒತ್ತೊತ್ತಾಗಿ. ವೇಯಿ ಪಡಗಲು ಅಂದರೆ ಸಾವಿರ ಹೆಡೆ, ಅಲ್ಲಿ ಚಾವಣಿಯೇ ಹೆಡೆ ಬಿಚ್ಚಿದ ಹಾಗೆ. ಗೈಡ್ ಇಂಥ ಹೆಸರು ಹೇಳಿದಾಗ ನಾನು ಮಕ್ಕಳಿಗೆ ಎರಡನ್ನೂ ಬರೆದುಕೊಳ್ಳಿ ಎನ್ನುತ್ತೇನೆ, ಊರವರು ಇಟ್ಟ ಹೆಸರು ಒಂದು ಕಡೆ, ನೀರಿನ ಕೆಲಸದ ಹೆಸರು ಇನ್ನೊಂದು ಕಡೆ. ಊರವರ ಹೆಸರು ಬಿಟ್ಟರೆ ಆ ಜಾಗದ ನೆನಪೇ ಹೋಗುತ್ತದೆ.

ಹರಿದದ್ದು, ಜಿನುಗಿದ್ದು, ನಿಂತದ್ದು

ಚಾವಣಿ ಓರೆಯಾಗಿದ್ದರೆ ಹನಿ ತಕ್ಷಣ ಬೀಳದೆ ಒಂದು ಗೆರೆಯಲ್ಲಿ ಜಾರುತ್ತದೆ. ಆ ಗೆರೆಯುದ್ದಕ್ಕೂ ಸುಣ್ಣ ಕಟ್ಟಿ ತೆಳ್ಳನೆಯ ಹಾಳೆ ಇಳಿಯುತ್ತದೆ, ಅಲೆ ಅಲೆಯಾಗಿ. ಇದಕ್ಕೆ ಇಂಗ್ಲಿಷಿನಲ್ಲಿ ಕರ್ಟನ್ ಎನ್ನುತ್ತಾರೆ. ಸೀರೆ ಉಡುವವರಿಗೆ ಅದು ನೆರಿಗೆ. ಅದರ ಹಿಂದೆ ಟಾರ್ಚ್ ಹಿಡಿಯಲು ಒಬ್ಬರಿಗೆ ಹೇಳಿ, ನೀವು ಮುಂದೆ ನಿಲ್ಲಿ. ಬೆಳಕು ಕಲ್ಲಿನೊಳಗಿಂದ ದಾಟಿ ಬರುತ್ತದೆ. ಕೆಂಪು, ಕಂದು ಪಟ್ಟಿಗಳು ಕಂಡರೆ ಅದು ಕಬ್ಬಿಣದ ಅಂಶ, ಇಲ್ಲವೇ ಮೇಲಿನ ಮಣ್ಣಿನಿಂದ ಬಂದ ಬಣ್ಣ. ನೆರಿಗೆಗೆ ಅಂಚು ಇಟ್ಟ ಹಾಗೇ ಕಾಣುತ್ತದೆ.

ನೀರು ಗೋಡೆಯ ಮೇಲೆಲ್ಲ ತೆಳುವಾಗಿ ಹರಡಿ ಹರಿದರೆ ಹರಿಗಲ್ಲು. ಜಲಪಾತ ಕಲ್ಲಾದ ಹಾಗೆ ಇರುತ್ತದೆ. ಇಳಿಜಾರು ನೆಲದಲ್ಲಿ ಹರಿದರೆ ಬದು ಕಟ್ಟುತ್ತದೆ. ಹರಿಯುವ ನೀರು ಅಂಚು ದಾಟುವಲ್ಲಿ ಸುಣ್ಣ ಬಿಡುತ್ತದೆ, ಅಂಚು ಎತ್ತರವಾಗುತ್ತದೆ, ಹಿಂದೆ ನೀರು ನಿಲ್ಲುತ್ತದೆ. ಹೀಗೆ ಒಂದರ ಕೆಳಗೊಂದು ಸಣ್ಣ ಸಣ್ಣ ಮಡಿ. ಮಲೆನಾಡಿನ ಗದ್ದೆ ನೋಡಿದವರಿಗೆ ವಿವರಿಸಬೇಕಾಗಿಲ್ಲ. ನೀರು ಬತ್ತಿದ್ದರೂ ಬದು ಕಂಡರೆ ಅಲ್ಲಿ ಹರಿವು ಇತ್ತು ಎಂದು ಬರೆದುಕೊಳ್ಳಿ.

ಆ ಮಡಿಗಳಲ್ಲಿ ಕೆಲವು ಗುಹೆಗಳಲ್ಲಿ ಮುತ್ತು ಸಿಗುತ್ತದೆ. ಮರಳಿನ ಕಾಳಿನ ಮೇಲೆ ಹನಿ ಬಿದ್ದು ಬಿದ್ದು ಅದು ಅಲುಗಾಡುತ್ತಾ ಸುತ್ತಲೂ ಸುಣ್ಣ ಹತ್ತಿಸಿಕೊಂಡು ಗುಂಡಗಾದದ್ದು. ಕಂಡರೆ ಅಲ್ಲೇ ಬಿಡಿ.

ಗೋಡೆಯ ಮೇಲೆ ಗುಳ್ಳೆ ಗುಳ್ಳೆಯಾಗಿ ಎದ್ದದ್ದಕ್ಕೆ ಹೊರಗಿನವರು ಪಾಪ್‌ಕಾರ್ನ್ ಎನ್ನುತ್ತಾರೆ. ನಮಗೆ ನಾಗರ ಪಂಚಮಿಯ ಅರಳು ಇದೆಯಲ್ಲ, ಅರಳು ಅಂದರೆ ಸಾಕು. ನೀರು ಕಲ್ಲಿನಿಂದ ಜಿನುಗಿ, ಇಲ್ಲವೇ ಸಿಡಿದು ಒಣಗಿದಲ್ಲಿ ಅದು ಬರುತ್ತದೆ, ಹೆಚ್ಚಾಗಿ ಗಾಳಿಯಾಡುವ ಕಡೆ. ಇನ್ನು ಕೊಂಕುಕಡ್ಡಿ ಎಂದು ನಾನು ಕರೆಯುವ ಹೆಲಿಕ್ಟೈಟ್. ಇದು ಕೆಳಗೆ ಬೆಳೆಯಬೇಕು ಅನ್ನುವ ನಿಯಮವನ್ನೇ ಪಾಲಿಸುವುದಿಲ್ಲ. ಪಕ್ಕಕ್ಕೆ, ಮೇಲಕ್ಕೆ, ಸುತ್ತಿಕೊಂಡು ಹೇಗೆಂದರೆ ಹಾಗೆ. ಒಳಗಿನ ತೂತು ಕೂದಲಿಗಿಂತ ಸಣ್ಣದಾದ್ದರಿಂದ ಬತ್ತಿ ಎಣ್ಣೆ ಏರಿಸಿಕೊಳ್ಳುವ ಹಾಗೆ ನೀರು ಅದರಲ್ಲಿ ಯಾವ ಕಡೆಗಾದರೂ ಹೋಗುತ್ತದೆ. ಹನಿಯಾಗುವಷ್ಟು ನೀರೇ ಇಲ್ಲ, ಅದಕ್ಕೆ ಭಾರ ಎಳೆಯುವುದಿಲ್ಲ.

ಒಳಗೆ ನಡೆದುಕೊಳ್ಳುವುದು

ಮುಟ್ಟಬೇಡಿ. ಕೈಯ ಜಿಡ್ಡು ಹತ್ತಿದ ಜಾಗದಲ್ಲಿ ನೀರು ಸರಿಯಾಗಿ ಹರಡುವುದಿಲ್ಲ, ಹೊಸ ಸುಣ್ಣ ಕೂರುವುದಿಲ್ಲ, ಕಲ್ಲು ಕಪ್ಪಾಗುತ್ತದೆ. ಜನ ಓಡಾಡುವ ಯಾವ ಗುಹೆಯಲ್ಲಾದರೂ ಕೈಗೆಟಕುವ ಎತ್ತರದವರೆಗೆ ಒಂದು ಬಣ್ಣ, ಅದರ ಮೇಲೆ ಇನ್ನೊಂದು ಬಣ್ಣ ಇರುವುದು ನೋಡಿ. ಬೆಲುಂನಲ್ಲಿ ಸಪ್ತಸ್ವರಾಲ ಗುಹ ಅನ್ನುವಲ್ಲಿ ಕಲ್ಲು ತಟ್ಟಿದರೆ ನಾದ ಬರುತ್ತದೆ. ಅಲ್ಲಿ ಗೈಡ್ ತೋರಿಸಿದರೆ ಕೇಳಿ ಬನ್ನಿ, ನಲವತ್ತು ಮಕ್ಕಳೂ ಒಬ್ಬೊಬ್ಬರಾಗಿ ತಟ್ಟುವುದು ಬೇಡ. ಬಾವಲಿಗಳು ಕಂಡರೆ ಬೆಳಕು ಕೆಳಗಿಳಿಸಿ, ದನಿ ತಗ್ಗಿಸಿ.

ನೀರಿನ ಬಾಟಲಿ ಇರಲಿ, ಬೆಲುಂನ ಒಳಗೆ ಬೆವರು ಸುರಿಯುತ್ತದೆ. ಬಿಪಿ, ಆಸ್ತಮಾ ಇರುವವರು ಪಾತಾಳಗಂಗೆಯವರೆಗೆ ಇಳಿಯುವ ಮುಂಚೆ ಯೋಚಿಸಿ. ಅದು ಬಾಯಿಯ ಮಟ್ಟದಿಂದ ಸುಮಾರು 46 ಮೀಟರ್ ಕೆಳಗೆ, ವಾಪಸ್ ಹತ್ತಬೇಕು. ಹೋದವರಿಗೆ ಅಲ್ಲಿ ಒಂದು ಸಣ್ಣ ಹೊಳೆ ಹರಿದು ಕಲ್ಲಿನೊಳಗೆ ಕಾಣೆಯಾಗುವುದು ಸಿಗುತ್ತದೆ. ಈ ಗುಹೆ ಮಾಡಿದ ನೀರಿನ ಕೆಲಸ ಇನ್ನೂ ಮುಗಿದಿಲ್ಲ ಎಂದು ನೋಡಬೇಕಾದರೆ ಅದೇ ಜಾಗ. ಟಾರ್ಚ್ ಬಿಳಿ ಬೆಳಕಿನದೇ ಇರಲಿ. ಪ್ರವಾಸಿಗರಿಗೆ ಹಾಕಿರುವ ಬಣ್ಣದ ಲೈಟಿನಲ್ಲಿ ಕಲ್ಲಿನ ನಿಜವಾದ ಬಣ್ಣ ತಿಳಿಯುವುದಿಲ್ಲ.

ಪುಟ ಬರೆಯುವುದು

ಒಂದು ಗುಹೆಗೆ ಒಂದು ಪುಟ ಸಾಕು. ಯಾವ ಕಲ್ಲು, ಹಾದಿ ಕೊಳವೆಯೋ ಕೊರಕಲೋ, ಚಿಪ್ಪುಗುರುತು ಇದ್ದರೆ ನೀರು ಎತ್ತಲಿಂದ ಎತ್ತ. ಆಮೇಲೆ ಒಂದೇ ಒಂದು ಆಕಾರ ಆರಿಸಿಕೊಂಡು ಅದರ ಮುಂದೆ ಹತ್ತು ನಿಮಿಷ ನಿಲ್ಲಿ. ಒದ್ದೆಯಾಗಿ ಹೊಳೆಯುತ್ತಿದ್ದು ತುದಿಯಲ್ಲಿ ಹನಿ ಇದ್ದರೆ ಅದಿನ್ನೂ ಬೆಳೆಯುತ್ತಿರಬಹುದು. ಒಣಗಿ ಮಂಕಾಗಿ ದೂಳು ಕೂತಿದ್ದರೆ ನಿಂತಿದೆ. ಬೆಲುಂನ ನನ್ನ ಪುಟಗಳಲ್ಲಿ 'ಒಣಗಿದೆ' ಎಂಬ ಮಾತೇ ಜಾಸ್ತಿ.

ಹನಿ ಎಣಿಸಿದ್ದು ಮೇಘಾಲಯದಲ್ಲಿ. 2019ರ ನವೆಂಬರಿನಲ್ಲಿ ತಂಗಿಯ ಜೊತೆ ಸೊಹ್ರಾ, ಅಂದರೆ ಚಿರಾಪುಂಜಿ, ಕಡೆಗೆ ಹೋಗಿದ್ದೆ. ಅದೇ ಸೀಮೆಯ ಕ್ರೆಮ್ ಮಾಮ್ಲುಹ್ ಗುಹೆಯ ಒಂದು ಹುತ್ತದಿಂದ ಹಳೇ ಕಾಲದ ಮಳೆಯ ಲೆಕ್ಕ ತೆಗೆದಿದ್ದಾರೆ. 4200 ವರ್ಷದ ಹಿಂದೆ ಮಳೆಗಾಲ ಸೊರಗಿದ ಗುರುತು ಅದರ ಪದರದಲ್ಲಿದೆ. ಅದನ್ನು ಆಧಾರವಾಗಿಟ್ಟುಕೊಂಡೇ 2018ರಲ್ಲಿ ಭೂಮಿಯ ಈಗಿನ ಕಾಲಘಟ್ಟಕ್ಕೆ ಮೇಘಾಲಯನ್ ಎಂದು ಹೆಸರಿಟ್ಟರು. ನಾವು ಹೋದದ್ದು ಪ್ರವಾಸಿಗರ ಮಾವ್ಸ್ಮಾಯ್ ಗುಹೆಗೆ. ಅವತ್ತಿನ ನನ್ನ ಪುಟ ಹೀಗಿದೆ:

"ಸುಣ್ಣಕಲ್ಲು. ನೆಲ ಒದ್ದೆ. ಎಡಗೋಡೆಯ ಬಳಿ ನನ್ನ ಭುಜದ ಎತ್ತರದಲ್ಲಿ ತೊಂಗಲು, ಮೊಣಕೈ ಉದ್ದ, ಬುಡ ಕಂದು, ತುದಿ ಬಿಳಿ. ಕೆಳಗೆ ಹುತ್ತ ಇಲ್ಲ, ಜನ ತುಳಿಯುವ ಹಾದಿ. ತುದಿಯಲ್ಲಿ ಹನಿ. ಒಂದು ನಿಮಿಷಕ್ಕೆ 7. ಮತ್ತೆ ಎಣಿಸಿದೆ, 7. ತಂಗಿ ಎಣಿಸಿದಳು, 6."

ನಿಮ್ಮ ಪುಟದಲ್ಲೂ ಹನಿಯ ಲೆಕ್ಕ ಇರಲಿ, ಜೊತೆಗೆ ತಾರೀಖು ಮತ್ತು ಹಿಂದಿನ ವಾರ ಮಳೆ ಬಂದಿತ್ತಾ ಇಲ್ಲವಾ ಅನ್ನುವುದೂ ಇರಲಿ. ಮುಂದಿನ ಸಲ ಬೇರೆ ತಿಂಗಳಲ್ಲಿ ಹೋಗಿ ಅದೇ ತೊಂಗಲಿನ ಕೆಳಗೆ ನಿಂತು ಮತ್ತೆ ಎಣಿಸಿ.